ಎಣ್ಣೆ ಎಲ್ಲಿಂದ ಬಂತು

1970ರ ದಶಕದ ಕೊನೆಯಲ್ಲಿ ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕದ ಗ್ಯಾರೇಜಿಗೆ ಬರುತ್ತಿದ್ದ ಅಂಬಾಸಿಡರ್ ಕಾರುಗಳ ಬಾನೆಟ್ ಎತ್ತಿದರೆ ಎಂಜಿನ್ ಕಾಣುತ್ತಿರಲಿಲ್ಲ. ಎಂಜಿನ್ನಿನ ಆಕಾರದಲ್ಲಿ ಕೂತ ಜಿಡ್ಡು ಕಾಣುತ್ತಿತ್ತು. ಸೋರಿದ ಎಣ್ಣೆಯ ಮೇಲೆ ರಸ್ತೆಯ ಧೂಳು, ಧೂಳಿನ ಮೇಲೆ ಮತ್ತೆ ಎಣ್ಣೆ, ಹೀಗೆ ವರ್ಷಗಟ್ಟಲೆ ಪದರ ಕಟ್ಟಿ ಬೆರಳು ದಪ್ಪ ಆಗಿರುತ್ತಿತ್ತು. ಕಾರು ಯಾವ ಸೀಮೆಯಲ್ಲಿ ಓಡಾಡಿದೆ ಎಂಬುದನ್ನು ಆ ಪದರದ ಬಣ್ಣವೇ ಹೇಳುತ್ತಿತ್ತು. ಗದಗ, ನವಲಗುಂದದ ಎರೆಭೂಮಿಯಲ್ಲಿ ತಿರುಗಿದ ಗಾಡಿಯದ್ದು ಕಪ್ಪು. ಸಾಗರ, ತೀರ್ಥಹಳ್ಳಿಯ ಕಡೆಯಿಂದ ಇಳಿದು ಬಂದದ್ದಾದರೆ ಕೆಂಪು, ಕೆರೆದರೆ ಒಳಗೆ ಇನ್ನೂ ಹಸಿ. ಹತ್ತಿ ಮಿಲ್ಲುಗಳ ಆವರಣದಲ್ಲಿ ನಿಲ್ಲುತ್ತಿದ್ದ ಕಾರುಗಳ ಜಿಡ್ಡಿನಲ್ಲಿ ಹತ್ತಿಯ ಎಳೆ ಸೇರಿಕೊಂಡು ಅದನ್ನು ಕೀಳುವುದೇ ದೊಡ್ಡ ಕೆಲಸ.

ಗ್ಯಾರೇಜ್ ನನ್ನ ಸೋದರಮಾವನದ್ದು. ಹಣ, ಗಿರಾಕಿ, ಬಿಡಿಭಾಗದ ವ್ಯವಹಾರ ಎಲ್ಲ ಅವರದು. ಕೆಲಸ ಕಲಿಸಿದ್ದು ಮಾತ್ರ ಉಸ್ತಾದ್. ಅವರ ಹೆಸರು ಹಿಡಿದು ಕರೆದವರನ್ನು ನಾನು ನೋಡಲಿಲ್ಲ. ಗಿರಾಕಿಗಳಿಗೂ ಅವರು ಉಸ್ತಾದರೇ. ಆಮೇಲೆ ನಾನು ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋದೆ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ದುಡಿದು ನಿವೃತ್ತನಾದೆ. ಎಂಜಿನ್ನಿನ ಹೊರಮೈ ತೊಳೆದು ಬಣ್ಣ ಕೊಡುವ ಕೆಲಸ ಈ ಎರಡೂ ಕಡೆ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ. ಆದರೆ ಅದನ್ನು ಯಾಕೆ ಮಾಡುತ್ತೇವೆ ಎಂಬುದು ಪೂರ್ತಿ ಬದಲಾಗಿದೆ. ಆಗ ಅದು ಚೆಂದಕ್ಕಲ್ಲ, ಕಾಣಲಿಕ್ಕೆ. ಎಲ್ಲಿ ಸೋರುತ್ತಿದೆ, ಎಲ್ಲಿ ಬಿರುಕು ಬಿಟ್ಟಿದೆ, ಯಾವ ಬೋಲ್ಟ್ ಸಡಿಲಾಗಿದೆ ಎಂದು ಕಣ್ಣಿಗೆ ಬೀಳಬೇಕಾದರೆ ಮೊದಲು ಲೋಹ ಕಾಣಬೇಕು. "ಎಣ್ಣಿ ಎಲ್ಲಿಗೆ ಬಂದೈತಿ ಅಂತ ನೋಡಬ್ಯಾಡ, ಎಲ್ಲಿಂದ ಬಂದೈತಿ ಅಂತ ನೋಡಲೇ" ಅನ್ನುತ್ತಿದ್ದರು ಉಸ್ತಾದ್. ಹೊಸ ಹುಡುಗ ಯಾರು ಬಂದರೂ ಮೊದಲ ಪಾಠ ಅದು.

ಆ ಕಾಲದ ಎಂಜಿನ್ನುಗಳು ಸೋರುತ್ತಿದ್ದವು. ಅದು ಮೆಕ್ಯಾನಿಕ್‌ನ ಸೋಮಾರಿತನದಿಂದಲ್ಲ, ಕಟ್ಟಿದ ರೀತಿಯೇ ಹಾಗೆ. ಅಂಬಾಸಿಡರ್‌ನ 1,489 ಸಿಸಿ ಎಂಜಿನ್ ಇಂಗ್ಲೆಂಡಿನ ಬಿಎಂಸಿ ಕಂಪನಿಯ ವಿನ್ಯಾಸ. ಅದರ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯಲ್ಲಿ ಎಣ್ಣೆ ತಡೆಯಲು ರಬ್ಬರ್ ಸೀಲ್ ಇರಲಿಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿ ಗೀರು ತಿರುಗುತ್ತಾ ಎಣ್ಣೆಯನ್ನು ಒಳಕ್ಕೆ ತಳ್ಳಬೇಕಿತ್ತು. ಎಂಜಿನ್ ತಿರುಗುವಷ್ಟು ಹೊತ್ತು ಅದು ತನ್ನ ಕೆಲಸ ಮಾಡುತ್ತಿತ್ತು, ನಿಂತಾಗ ಹನಿ ಬೀಳುತ್ತಿತ್ತು. ಪಕ್ಕದಲ್ಲಿ ಟ್ಯಾಪೆಟ್‌ಗಳಿಗೆ ಮುಚ್ಚಿದ ತಗಡಿನ ಬಾಗಿಲು, ಮೇಲೆ ಟ್ಯಾಪೆಟ್ ಕವರ್, ಕೆಳಗೆ ಎಣ್ಣೆ ನಿಲ್ಲುವ ಸಂಪ್, ಎಲ್ಲಕ್ಕೂ ಕಾರ್ಕ್ ಗ್ಯಾಸ್ಕೆಟ್. ಬಿಸಿಗೆ ಕಾರ್ಕ್ ಒಣಗಿ ಕುಗ್ಗುತ್ತದೆ. ಕುಗ್ಗಿತೆಂದು ನಟ್ ಬಿಗಿದರೆ ತಗಡು ಸೊಟ್ಟಗಾಗಿ ಇನ್ನೂ ಹೆಚ್ಚು ಸೋರುತ್ತದೆ. ಜೊತೆಗೆ ಬ್ರೀದರ್ ಪೈಪ್. ಪಿಸ್ಟನ್ ರಿಂಗ್ ಸವೆದಷ್ಟೂ ಉರಿದ ಗಾಳಿ ಕೆಳಗಿಳಿದು ಆ ಪೈಪಿನಿಂದ ಎಣ್ಣೆಯ ಹಬೆಯನ್ನು ಹೊರಗೆ ಉಗುಳುತ್ತಿತ್ತು. ಹಾಗಾಗಿ ಹೊರಗಿನ ಜಿಡ್ಡು ಎಷ್ಟು ಬೇಗ ಕಟ್ಟುತ್ತದೆ ಎಂಬುದರಲ್ಲಿ ಒಳಗಿನ ಸವೆತದ ಲೆಕ್ಕವೂ ಇರುತ್ತಿತ್ತು. ತೊಳೆದ ಎಂಜಿನ್ ಮೂರು ತಿಂಗಳಲ್ಲಿ ಮತ್ತೆ ಕಪ್ಪಾಗಿ ಬಂದರೆ ಉಸ್ತಾದ್ ಮಾವನಿಗೆ ಹೇಳಿಬಿಡುತ್ತಿದ್ದರು, ಈ ಗಾಡಿಗೆ ಸಿಲಿಂಡರ್ ಕೊರೆಸುವ ಬೋರಿಂಗ್ ಖರ್ಚು ಹತ್ತಿರ ಬಂತು ಅಂತ.

ತೊಳೆಯುವ ಕೆಲಸಕ್ಕೆ ಒಂದು ಕ್ರಮ ಇತ್ತು. ಮೊದಲು ಬ್ಯಾಟರಿ ಬಿಚ್ಚಬೇಕು. ಡಿಸ್ಟ್ರಿಬ್ಯೂಟರಿಗೆ ಹಾಲಿನ ಕವರ್ ಕಟ್ಟಬೇಕು. ಕಾರ್ಬುರೇಟರ್ ಬಿಚ್ಚಿದ್ದರೆ ಅದು ಕೂರುವ ಬಾಯಿಗೆ ಬಟ್ಟೆ ತುರುಕಿ, ತುರುಕಿದ ಬಟ್ಟೆಯ ಬಾಲ ಹೊರಗೆ ಕಾಣುವಂತೆ ಬಿಡಬೇಕು. ಕಾಣದ ಬಟ್ಟೆ ಮರೆತುಹೋಗಿ ಎಂಜಿನ್ ಒಳಗೆ ಸೇರುತ್ತದೆ. ಆಮೇಲೆ ಒಣ ಕೆಲಸ. ಚಪ್ಪಟೆ ಸ್ಕ್ರೂ ಡ್ರೈವರ್, ಮುರಿದ ಹ್ಯಾಕ್ಸಾ ಬ್ಲೇಡ್, ಬಿದಿರಿನ ಚಕ್ಕೆ ಹಿಡಿದು ಪದರವನ್ನು ಕೆರೆದು ತೆಗೆಯುವುದು. ಅಲ್ಯುಮಿನಿಯಂ ಮೇಲೆ ಬಿದಿರು ಮಾತ್ರ. ಕೆರೆಯುವ ಮೊದಲೇ ಎಣ್ಣೆ ಸುರಿದರೆ ಜಿಡ್ಡು ಕೆಸರಾಗಿ ಬೋಲ್ಟಿನ ತೂತುಗಳಿಗೆ ಇಳಿಯುತ್ತದೆ. ಕೆರೆದು ಮುಗಿದ ಮೇಲೆ ಸೀಮೆಎಣ್ಣೆ, ಬ್ರಷ್, ಬನಿಯನ್ ವೇಸ್ಟ್. ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ ಸಿಗದ ದಿನ ಡೀಸೆಲ್. ಮೇಲಿನಿಂದ ಕೆಳಕ್ಕೆ ಒಂದು ಸುತ್ತು, ಅರ್ಧ ಗಂಟೆ ನೆನೆಯಲು ಬಿಟ್ಟು ಇನ್ನೊಂದು ಸುತ್ತು, ಕೊನೆಗೆ ವಾಷಿಂಗ್ ಸೋಡಾ ಕಲೆಸಿದ ಬಿಸಿನೀರು. ನೀರು ಹಾಕುವಾಗ ಎಂಜಿನ್ ತಣ್ಣಗಿರಬೇಕು ಎಂಬ ಮಾತಿಗೆ ರಿಯಾಯಿತಿಯೇ ಇರಲಿಲ್ಲ. ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೀಡುಕಬ್ಬಿಣದ್ದು. ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ.

ಎಂಜಿನ್ ಪೂರ್ತಿ ಕೆಳಗಿಳಿಸಿ ಬಿಚ್ಚಿದಾಗ ಕಾಸ್ಟಿಕ್ ಸೋಡಾದ ಸರದಿ. ಅರ್ಧ ಕೊಯ್ದ ಡ್ರಮ್ಮಿನಲ್ಲಿ ನೀರು ಕಾಯಿಸಿ, ಕಾಸ್ಟಿಕ್ ಕರಗಿಸಿ, ಬ್ಲಾಕನ್ನು ಚೈನ್ ಪುಲ್ಲಿಯಿಂದ ಅದರೊಳಕ್ಕೆ ಇಳಿಸುತ್ತಿದ್ದರು. ಬೆಳಗಾಗುವ ಹೊತ್ತಿಗೆ ಹಳೇ ಬಣ್ಣ, ಜಿಡ್ಡು ಎಲ್ಲ ಕಳಚಿ ಬೂದುಬಣ್ಣದ ಕಬ್ಬಿಣ ಉಳಿಯುತ್ತಿತ್ತು. ಅಂಬಾಸಿಡರ್‌ದಾದರೆ ಬ್ಲಾಕ್, ಹೆಡ್ ಎರಡೂ ಬೀಡು, ಎರಡನ್ನೂ ಇಳಿಸಬಹುದು. ಫಿಯೆಟ್ ಕಥೆ ಬೇರೆ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ತಯಾರಿಸುತ್ತಿದ್ದ, ಆಮೇಲೆ ಪದ್ಮಿನಿ ಎಂದು ಹೆಸರಾದ ಆ 1,089 ಸಿಸಿ ಎಂಜಿನ್ನಿನ ಹೆಡ್ ಅಲ್ಯುಮಿನಿಯಂ. ಕಾಸ್ಟಿಕ್ ಕಬ್ಬಿಣವನ್ನು ಮುಟ್ಟುವುದಿಲ್ಲ, ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಬುರುಬುರು ಗುಳ್ಳೆಯೆದ್ದು ಹೈಡ್ರೋಜನ್ ಹೊರಡುತ್ತದೆ, ಹೆಡ್ ಕಪ್ಪಾಗಿ ತೂತುತೂತಾಗುತ್ತದೆ. ಆದ್ದರಿಂದ ಫಿಯೆಟ್ ಹೆಡ್ಡಿಗೆ ಯಾವತ್ತೂ ಸೀಮೆಎಣ್ಣೆ, ಬ್ರಷ್, ತಾಳ್ಮೆ. ಲೋಹಗಳ ನಡುವಿನ ವ್ಯತ್ಯಾಸವನ್ನು ನಾನು ಡಿಪ್ಲೊಮಾದ ಪುಸ್ತಕದಲ್ಲಿ ಓದುವ ಮೊದಲು ಆ ಡ್ರಮ್ಮಿನ ಪಕ್ಕದಲ್ಲಿ ಕಲಿತಿದ್ದೆ.

ತೊಳೆದು ಬಿಟ್ಟರೆ ಮುಗಿಯಲಿಲ್ಲ. ಬೋಳಾದ ಬೀಡುಕಬ್ಬಿಣ ಒದ್ದೆ ಇರುವಾಗಲೇ ತುಕ್ಕು ಹಿಡಿಯುತ್ತದೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮೈಯೆಲ್ಲ ಕೆಂಪು ಪೊರೆ. ಅದರ ಮೇಲೆ ಬಳಿದ ಬಣ್ಣ ನಿಲ್ಲುವುದಿಲ್ಲ. ಅದಕ್ಕೇ ಕಂಪ್ರೆಸರ್ ಗಾಳಿ ಊದಿ, ಬಿಸಿಲಿಗೆ ಒಣಗಿಸಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಾಕಬೇಕು. ಅಲ್ಯುಮಿನಿಯಂ ಮೇಲೆ ರೆಡ್ ಆಕ್ಸೈಡ್ ಹಿಡಿಯುವುದಿಲ್ಲ. ಅದಕ್ಕೆ ಹಳದಿ ಬಣ್ಣದ ಜಿಂಕ್ ಕ್ರೋಮೇಟ್ ಪ್ರೈಮರ್ ಬೇಕು, ಇಲ್ಲವೇ ಬಣ್ಣವನ್ನೇ ಹಾಕದೆ ಬಿಡಬೇಕು. ಉಸ್ತಾದ್ ಬಹಳ ಸಲ ಬಿಟ್ಟುಬಿಡುತ್ತಿದ್ದರು. ಅಲ್ಯುಮಿನಿಯಂ ತನ್ನ ಮೈಮೇಲೆ ತಾನೇ ತೆಳು ಪೊರೆ ಬೆಳೆಸಿಕೊಂಡು ಕಾಪಾಡಿಕೊಳ್ಳುತ್ತದೆ, ಕರಾವಳಿಯ ಉಪ್ಪುಗಾಳಿಯಲ್ಲಿ ಮಾತ್ರ ಅದು ಸಾಲದು.

ಬಣ್ಣದ ವಿಚಾರದಲ್ಲಿ ಅವರದು ಗಟ್ಟಿ ಅಭಿಪ್ರಾಯ. ಬ್ಲಾಕಿಗೆ ತಿಳಿ ಬೂದು ಅಥವಾ ಸಿಲ್ವರ್. ಕಪ್ಪು ಬೇಡವೇ ಬೇಡ, ಕಪ್ಪಿನ ಮೇಲೆ ಎಣ್ಣೆ ಕಾಣುವುದಿಲ್ಲ. ಸಂಪ್, ಫ್ಯಾನ್, ಪುಲ್ಲಿಗೆ ಬೇಕಿದ್ದರೆ ಕಪ್ಪು. ಸಿಲ್ವರ್ ಪೇಂಟ್ ಆಗ ಎರಡು ಡಬ್ಬಿಯಲ್ಲಿ ಬರುತ್ತಿತ್ತು: ಒಂದರಲ್ಲಿ ಅಲ್ಯುಮಿನಿಯಂ ಪೇಸ್ಟ್, ಇನ್ನೊಂದರಲ್ಲಿ ಮೀಡಿಯಂ. ಬಳಿಯುವ ದಿನವೇ ಕಲೆಸಬೇಕು, ಉಳಿದದ್ದು ವಾರ ಬಿಟ್ಟರೆ ಹೊಳಪು ಸತ್ತಿರುತ್ತದೆ. ಇದರ ಕಾರಣ ನನಗೆ ಬಹಳ ಇಷ್ಟದ ವಿಷಯ. ಆ ಪೇಸ್ಟಿನ ಕಣಗಳು ಉಂಡೆಯಲ್ಲ, ಚಪ್ಪಟೆ ಹಾಳೆಗಳು. ಹೊಸದಾಗಿ ಕಲೆಸಿದಾಗ ಅವು ಬಣ್ಣದ ಮೇಲ್ಭಾಗಕ್ಕೆ ತೇಲಿ ಬಂದು, ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಕೂರುತ್ತವೆ. ಹೊಳಪಿಗೆ ಅದೇ ಕಾರಣ, ತೇವ ಒಳಗಿಳಿಯದಿರುವುದಕ್ಕೂ ಅದೇ. ಕಲೆಸಿಟ್ಟ ಬಣ್ಣದಲ್ಲಿ ಹಾಳೆಗಳು ತೇಲುವ ಗುಣ ಕಳೆದುಕೊಳ್ಳುತ್ತವೆ.

ಮ್ಯಾನಿಫೋಲ್ಡ್ ಮಾತ್ರ ಯಾವ ಬಣ್ಣಕ್ಕೂ ಬಗ್ಗುತ್ತಿರಲಿಲ್ಲ. ನೀರು ಸುತ್ತುವ ಬ್ಲಾಕಿನ ಹೊರಮೈ ನೂರು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಸಾಧಾರಣ ಎನಾಮಲ್ ತಡೆದುಕೊಳ್ಳುತ್ತದೆ. ಏರು ಹತ್ತುವಾಗ ಮ್ಯಾನಿಫೋಲ್ಡ್ 500 ಡಿಗ್ರಿ ದಾಟುತ್ತದೆ. ಅಲ್ಲಿ ಎನಾಮಲ್ ಮೊದಲ ಓಟದಲ್ಲೇ ಹೊಗೆಯಾಗಿ ಹೋಗುತ್ತದೆ. ಸಿಲಿಕೋನ್ ರಾಳದಲ್ಲಿ ಅಲ್ಯುಮಿನಿಯಂ ಬೆರೆಸಿದ ಶಾಖನಿರೋಧಕ ಬಣ್ಣ ಮಾತ್ರ ನಿಲ್ಲುವಂಥದ್ದು, ಅದೂ ಎಂಜಿನ್ ಓಡಿ ಕಾದ ಮೇಲೆ ಗಟ್ಟಿಯಾಗುತ್ತದೆ. ಅದು ದುಬಾರಿ. ನಮ್ಮ ಗ್ಯಾರೇಜಿನಲ್ಲಿ ಬಹುಪಾಲು ಮ್ಯಾನಿಫೋಲ್ಡುಗಳನ್ನು ವೈರ್ ಬ್ರಷ್ ಹೊಡೆದು ಹಾಗೇ ಬಿಡುತ್ತಿದ್ದೆವು.

ಬಣ್ಣ ಬೀಳಬಾರದ ಜಾಗಗಳು ಬಣ್ಣ ಬೀಳುವ ಜಾಗಗಳಿಗಿಂತ ಮುಖ್ಯ. ಅರ್ಥ್ ವೈರ್ ಕೂರುವ ಜಾಗದಲ್ಲಿ ಬಣ್ಣ ಬಿದ್ದರೆ ಸ್ಟಾರ್ಟರ್ ನಿಧಾನಿಸುತ್ತದೆ. ಟೆಂಪರೇಚರ್ ಮೀಟರಿನ ಸೆಂಡರ್ ತನ್ನ ತಿರುಪಿನ ಮರೆಯ ಮೂಲಕವೇ ಅರ್ಥ್ ಆಗುತ್ತದೆ, ಅಲ್ಲಿ ಬಣ್ಣವಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಗ್ಯಾಸ್ಕೆಟ್ ಕೂರುವ ಮುಖಗಳಿಗೆ ಗ್ರೀಸ್ ಸವರಿ ಪೇಪರ್ ಅಂಟಿಸುತ್ತಿದ್ದೆವು. ಎಲ್ಲಕ್ಕಿಂತ ದೊಡ್ಡದು ಎಂಜಿನ್ ನಂಬರ್. ಆರ್‌ಟಿಒ ಕಚೇರಿಯಲ್ಲಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಮೂರು ಕೋಟು ಬಣ್ಣದ ಕೆಳಗೆ ಅಂಕೆ ಮುಳುಗಿದ್ದರೆ ಕಾರಿನ ಮಾಲೀಕ ದಿನಗಟ್ಟಲೆ ಅಲೆಯಬೇಕು. ಉಸ್ತಾದ್ ಆ ಜಾಗಕ್ಕೆ ತಾವೇ ಗ್ರೀಸ್ ಹಚ್ಚುತ್ತಿದ್ದರು, ಹುಡುಗರ ಕೈಗೆ ಬಿಡುತ್ತಿರಲಿಲ್ಲ.

ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಇದೆಲ್ಲ ಆದ ಮೇಲೆ. ಎಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟು, ಅನುಮಾನವಿದ್ದ ಕಡೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸುತ್ತಿದ್ದರು. ಎಣ್ಣೆ ಜಿನುಗಿದ ದಾರಿ ಆ ಬಿಳಿಯಲ್ಲಿ ಗೆರೆಯಾಗಿ ಮೂಡುತ್ತದೆ. ಎಣ್ಣೆ ಕೆಳಗೆ ಇಳಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಹುಡುಕಬೇಕಾದ್ದು ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು. ಗೇರ್‌ಬಾಕ್ಸ್ ಹತ್ತಿರ ಹನಿ ಬೀಳುತ್ತಿದೆ ಎಂದು ಎಂಜಿನ್ ಇಳಿಸಲು ತಯಾರಾಗಿದ್ದ ಕಾರುಗಳಲ್ಲಿ ಟ್ಯಾಪೆಟ್ ಕವರಿನ ಹಿಂತುದಿ ಸೋರುತ್ತಿದ್ದದ್ದನ್ನು ಈ ಪೌಡರ್ ತೋರಿಸಿಕೊಟ್ಟಿದೆ. ಎಂಜಿನ್ ಇಳಿಸುವ ಖರ್ಚೆಲ್ಲಿ, ಒಂದು ಕಾರ್ಕ್ ಗ್ಯಾಸ್ಕೆಟ್ಟಿನ ಬೆಲೆಯೆಲ್ಲಿ!

ಬಿರುಕಿಗೆ ಇನ್ನೊಂದು ಉಪಾಯ. ಬ್ಲಾಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಹಚ್ಚಿ ಕಾಯಬೇಕು. ಕಣ್ಣಿಗೆ ಕಾಣದ ಬಿರುಕಿನೊಳಗೆ ಉಳಿದ ಸೀಮೆಎಣ್ಣೆ ನಿಧಾನವಾಗಿ ಹೊರಬಂದು ಪುಡಿಯಲ್ಲಿ ಕೂದಲೆಳೆಯ ಗೆರೆ ಬರೆಯುತ್ತದೆ. ರೈಲ್ವೆ ವರ್ಕ್‌ಶಾಪುಗಳಲ್ಲಿ ಗಾಲಿ, ಅಚ್ಚುಗಳ ಬಿರುಕು ಹುಡುಕಲು ಹತ್ತೊಂಬತ್ತನೆಯ ಶತಮಾನದಿಂದ ಬಳಸುತ್ತಿದ್ದ ವಿಧಾನ ಇದು. ಇವತ್ತು ವಿಮಾನದ ಬಿಡಿಭಾಗಗಳಿಗೆ ಬಳಸುವ ಬಣ್ಣದ ದ್ರವದ ಪರೀಕ್ಷೆಗೂ ಮೂಲ ಇದೇ. ಉಸ್ತಾದರಿಗೆ ಇದನ್ನು ಯಾರು ಹೇಳಿಕೊಟ್ಟರೋ, ಶಾಲೆಯ ಬಾಗಿಲು ಕಂಡವರಲ್ಲ ಅವರು.

ಕಾರಿಗಿಂತಲೂ ತೊಳೆಯುವುದು ಹೆಚ್ಚು ಅಗತ್ಯವಾಗಿದ್ದದ್ದು ಬೈಕುಗಳಿಗೆ, ಮುಖ್ಯವಾಗಿ ಜಾವಾ, ಯೆಜ್ಡಿಗಳಿಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಆ ಗಾಡಿಗಳಲ್ಲಿ ನೀರಿಲ್ಲ, ರೇಡಿಯೇಟರ್ ಇಲ್ಲ. ಸಿಲಿಂಡರಿನ ಸುತ್ತ ಇರುವ ರೆಕ್ಕೆಗಳ ನಡುವೆ ಗಾಳಿ ಹಾದು ಬಿಸಿಯನ್ನು ಒಯ್ಯಬೇಕು. ಮಳೆಗಾಲದಲ್ಲಿ ರೆಕ್ಕೆಗಳ ಸಂದಿಗೆ ಕೆಸರು ಮೆತ್ತಿಕೊಂಡರೆ ಸಿಲಿಂಡರ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಾಗಾಗಿ ಅಲ್ಲಿ ದಪ್ಪ ಬಣ್ಣಕ್ಕೂ ಜಾಗವಿಲ್ಲ. ತೆಳು ಮ್ಯಾಟ್ ಕಪ್ಪಷ್ಟೇ. ನೀರಿನಿಂದ ತಣಿಯುವ ಕಾರಿನ ಎಂಜಿನ್ನಿಗೂ ಬಣ್ಣ ಬಳಿದರೆ ಹೀಟ್ ಆಗುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ಅದು ಸರಿಯಲ್ಲ. ಕಾರಿನ ಬಿಸಿಯನ್ನು ಹೊರಗೆ ಒಯ್ಯುವುದು ನೀರು ಮತ್ತು ರೇಡಿಯೇಟರ್; ತೆಳು ಬಣ್ಣದಿಂದ ಆಗುವ ವ್ಯತ್ಯಾಸ ಲೆಕ್ಕಕ್ಕಿಲ್ಲ. ಬೆರಳು ದಪ್ಪದ ಜಿಡ್ಡಿನ ಮಾತು ಬೇರೆ.

ಇಷ್ಟೆಲ್ಲ ಹೇಳಿದ್ದರಿಂದ ಆ ಕಾಲವೇ ಚೆನ್ನಾಗಿತ್ತು ಎಂದು ಯಾರೂ ತಿಳಿಯಬಾರದು. ಆ ಕೆಲಸ ಮಾಡುತ್ತಿದ್ದವರು ಮಕ್ಕಳು. ಹತ್ತು, ಹನ್ನೆರಡು ವರ್ಷದ ಹುಡುಗರು ದಿನವಿಡೀ ಸೀಮೆಎಣ್ಣೆಯಲ್ಲಿ ಕೈಯಿಟ್ಟುಕೊಂಡಿರುತ್ತಿದ್ದರು. ಬೆರಳ ಸಂದಿ ಒಡೆದು ರಕ್ತ ಬರುತ್ತಿತ್ತು. ಸಂಜೆ ಕೈ ತೊಳೆಯಲು ಪೆಟ್ರೋಲ್ ಕೊಡುತ್ತಿದ್ದರು, ಜಿಡ್ಡು ಬೇಗ ಬಿಡುತ್ತದೆ ಎಂದು. ಆಗಿನ ಪೆಟ್ರೋಲಿನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಇರುತ್ತಿತ್ತು. ಅದು ಚರ್ಮದ ಮೂಲಕವೇ ಮೈಗೆ ಇಳಿಯುವ ವಿಷ. ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿಯಲ್ಲಿ. ಹಳೇ ಗ್ಯಾಸ್ಕೆಟ್ ಕೆರೆದಾಗ ಹಾರುತ್ತಿದ್ದ ಪುಡಿಯಲ್ಲಿ ಆಸ್ಬೆಸ್ಟಾಸ್ ಇತ್ತು. ಆ ಹಳದಿ ಜಿಂಕ್ ಕ್ರೋಮೇಟ್ ಕ್ಯಾನ್ಸರ್ ತರುವಂಥದ್ದು. ಅದನ್ನು ಸ್ಪ್ರೇ ಮಾಡುವಾಗ ನಮ್ಮ ಮುಖಕ್ಕೆ ಇದ್ದದ್ದು ಒಂದು ಕರ್ಚೀಫು. ಕಾಸ್ಟಿಕ್ ಸಿಡಿದು ಒಬ್ಬ ಹುಡುಗನ ತೋಳಿನ ಮೇಲೆ ಅಂಗೈ ಅಗಲದ ಗಾಯವಾಗಿತ್ತು. ಅವನು ಎರಡು ದಿನ ಬಿಟ್ಟು ಮತ್ತೆ ಕೆಲಸಕ್ಕೆ ಬಂದ, ಬರದಿದ್ದರೆ ಕೂಲಿ ಇಲ್ಲ. 1986ರ ಬಾಲಕಾರ್ಮಿಕ ಕಾಯ್ದೆ ನಿಷೇಧಿಸಿದ ಕೆಲಸಗಳ ಪಟ್ಟಿಗೆ ಆಮೇಲೆ ವಾಹನ ಗ್ಯಾರೇಜುಗಳೂ ಸೇರಿದವು, 2016ರ ತಿದ್ದುಪಡಿ ಹದಿನಾಲ್ಕು ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು. ಆ ಹುಡುಗರ ಪೈಕಿ ಮೂರ್ನಾಲ್ಕು ಜನ ಒಳ್ಳೆಯ ಮೆಕ್ಯಾನಿಕ್‌ಗಳಾದರು ನಿಜ. ಅದನ್ನು ಹೇಳಿ ಆ ವ್ಯವಸ್ಥೆಯನ್ನು ಸಮರ್ಥಿಸುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಉಳಿದವರೆಲ್ಲಿ ಹೋದರು ಎಂದು ಯಾರೂ ಕೇಳಲಿಲ್ಲ.

ನೆಲದ ಗತಿಯೂ ಅದೇ. ತೊಳೆದ ಸೀಮೆಎಣ್ಣೆ, ಕಾಸ್ಟಿಕ್ ನೀರು, ತೆಗೆದ ಎಂಜಿನ್ ಆಯಿಲ್ ಎಲ್ಲ ಹಿತ್ತಿಲ ಮಣ್ಣಿಗೆ, ಅಲ್ಲಿಂದ ಚರಂಡಿಗೆ. ಮಳೆಗಾಲದಲ್ಲೂ ಅಲ್ಲಿ ಹುಲ್ಲು ಹುಟ್ಟುತ್ತಿರಲಿಲ್ಲ. ಎಂಜಿನ್ನಿಗೂ ಆ ತೊಳೆಯುವಿಕೆಯಿಂದ ಪೂರ್ತಿ ಒಳ್ಳೆಯದಾಗುತ್ತಿತ್ತು ಎನ್ನುವಂತಿಲ್ಲ: ಸೀಮೆಎಣ್ಣೆ ಕುಡಿದ ರಬ್ಬರ್ ಮೌಂಟಿಂಗ್, ಹೋಸ್ ಪೈಪುಗಳು ಉಬ್ಬಿ ಮೆತ್ತಗಾಗಿ ಬೇಗ ಹರಿಯುತ್ತಿದ್ದವು.

ಬದಲಾವಣೆ ಮಾರುತಿ 800ರಿಂದ ಶುರುವಾಯಿತು. 1983ರ ಡಿಸೆಂಬರಿನಲ್ಲಿ ಮೊದಲ ಕಾರುಗಳು ರಸ್ತೆಗಿಳಿದವು. ನಮ್ಮ ಕಡೆಗೆ ಬರಲು ಇನ್ನಷ್ಟು ಕಾಲ ಹಿಡಿಯಿತು. ರಾತ್ರಿಯೆಲ್ಲ ನಿಂತ ಜಾಗದಲ್ಲಿ ಎಣ್ಣೆಯ ಕಲೆ ಬೀಳದ ಕಾರನ್ನು ನಾವು ನೋಡಿದ್ದು ಅದೇ ಮೊದಲು. ಉಸ್ತಾದ್ ಬಾನೆಟ್ ಎತ್ತಿ, ಆ 796 ಸಿಸಿ ಎಂಜಿನ್ನಿನ ಸುತ್ತ ಬೆರಳಾಡಿಸಿ, ಬೆರಳು ನೋಡಿಕೊಂಡು, "ಇದರಾಗ ನಮಗೇನು ಕೆಲಸ ಐತಿ" ಅಂದಿದ್ದರು. ರಬ್ಬರ್ ಲಿಪ್ ಸೀಲುಗಳು, ಅಚ್ಚಿನಲ್ಲಿ ಎರಕವಾದ ಗ್ಯಾಸ್ಕೆಟ್‌ಗಳು, ಟ್ಯೂಬಿನಿಂದ ಹಿಂಡುವ ಸಿಲಿಕೋನ್, ಬ್ರೀದರಿನ ಹಬೆಯನ್ನು ಮತ್ತೆ ಎಂಜಿನ್ನಿಗೇ ಎಳೆದುಕೊಳ್ಳುವ ಏರ್ಪಾಡು: ಇವೆಲ್ಲ ಸೇರಿ ಜಿಡ್ಡಿನ ಮೂಲವನ್ನೇ ಕಡಿದುಹಾಕಿದವು. 2000ದ ಆಸುಪಾಸಿನಲ್ಲಿ ಕಾರ್ಬುರೇಟರ್ ಹೋಗಿ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹತೋಟಿಯ ಪೆಟ್ರೋಲ್ ಇಂಜೆಕ್ಷನ್, ಬಂದಾಗ ಎಂಜಿನ್ನಿನ ಮೈಮೇಲೆ ಸೆನ್ಸರುಗಳು, ಕನೆಕ್ಟರುಗಳು, ವೈರಿಂಗ್ ಹರಡಿಕೊಂಡವು. ಆಮೇಲೆ ಇವೆಲ್ಲದರ ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ಕವರ್. ಈಗ ಬಾನೆಟ್ ಎತ್ತಿದರೆ ಮತ್ತೆ ಎಂಜಿನ್ ಕಾಣುವುದಿಲ್ಲ, ಕಂಪನಿಯ ಹೆಸರು ಕೆತ್ತಿದ ಮುಚ್ಚಳ ಕಾಣುತ್ತದೆ.

ಹೊಸ ಕಾರಿಗೆ ಹಳೇ ರೀತಿಯ ನೀರು ಹೊಡೆದರೆ ಏನಾಗುತ್ತದೆ ಎಂಬುದನ್ನು ಸರ್ವಿಸ್ ಸೆಂಟರಿನಲ್ಲಿ ಪ್ರತಿ ಮಳೆಗಾಲದ ಕೊನೆಗೆ ನೋಡುತ್ತಿದ್ದೆ. ರಸ್ತೆಬದಿಯ ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಪಂಪ್ ಹಿಡಿದು ಎಂಜಿನ್ ತೊಳೆಸುತ್ತಾರೆ. ಮಾರನೆಯ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವುದಿಲ್ಲ, ಇಲ್ಲವೇ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಕನೆಕ್ಟರಿನೊಳಗೆ ಹೊಕ್ಕ ನೀರು ತಕ್ಷಣ ತೊಂದರೆ ಕೊಡದಿದ್ದರೂ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ತಿಂಗಳ ಮೇಲೆ ಕೊಡುತ್ತದೆ. ಈಗ ಸರಿಯಾದ ಕ್ರಮ ಇಷ್ಟೇ: ತಣ್ಣಗಿನ ಎಂಜಿನ್, ಬ್ಯಾಟರಿಯ ನೆಗೆಟಿವ್ ತೆಗೆದದ್ದು, ಆಲ್ಟರ್ನೇಟರ್, ಏರ್ ಫಿಲ್ಟರಿನ ಬಾಯಿ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಮುಚ್ಚಿದ್ದು, ನೀರಿನಲ್ಲಿ ಕರಗುವ ಡಿಗ್ರೀಸರ್ ಸಿಂಪಡಿಸಿ ಮೆತ್ತನೆ ಬ್ರಷ್‌ನಿಂದ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿ ಊದಿ ಒಣಗಿಸುವುದು. ನೀರು ಕಡಿಮೆಯಾದಷ್ಟೂ ಒಳ್ಳೆಯದು. ಅಧಿಕೃತ ಸರ್ವಿಸ್ ಸೆಂಟರುಗಳಲ್ಲಿ ತೊಳೆದ ನೀರಿನಿಂದ ಎಣ್ಣೆ ಬೇರ್ಪಡಿಸುವ ತೊಟ್ಟಿಗಳಿವೆ. ಇದು ನಿಜವಾದ ಮುನ್ನಡೆ, ನಾನು ಮನಸಾರೆ ಒಪ್ಪುತ್ತೇನೆ.

ಇವತ್ತು ಎಂಜಿನ್ ತೊಳೆಸಲು ಬರುವವರ ಕಾರಣಗಳು ಬೇರೆ. ಒಂದು, ಇಲಿ. ನಗರದಲ್ಲಿ ನಿಲ್ಲಿಸಿದ ಕಾರಿನ ಬಿಸಿ ಎಂಜಿನ್ ಪಕ್ಕ ಇಲಿ ಗೂಡು ಮಾಡಿ, ತಿಂದ ಎಲುಬು, ಕಡಲೆಸಿಪ್ಪೆ ತಂದು ಹಾಕಿ, ವೈರಿಂಗ್ ಕಡಿಯುತ್ತದೆ. ಅದನ್ನು ಶುಚಿ ಮಾಡಲೇಬೇಕು, ವಾಸನೆ ಉಳಿದರೆ ಮತ್ತೆ ಬರುತ್ತದೆ. ಇನ್ನೊಂದು, ಹೊಳಪು. ಡಿಟೇಲಿಂಗ್ ಸ್ಟುಡಿಯೋಗಳು ಪ್ಲಾಸ್ಟಿಕ್, ಹೋಸ್ ಪೈಪುಗಳಿಗೆ ಸಿಲಿಕೋನ್ ಡ್ರೆಸ್ಸಿಂಗ್ ಹಚ್ಚಿ ಹೊಸ ಕಾರಿನ ಕಪ್ಪು ತರಿಸುತ್ತವೆ. ನೀರಿನ ಮೂಲದ ಡ್ರೆಸ್ಸಿಂಗ್ ಆದರೆ ರಬ್ಬರಿಗೆ ಹಾನಿಯಿಲ್ಲ. ಅಂಟಂಟಾದದ್ದು ಹಚ್ಚಿದರೆ ವಾರದಲ್ಲಿ ಧೂಳು ಹಿಡಿಯುತ್ತದೆ. ಆ ಹುಡುಗರು ಗ್ಲೌಸ್ ಹಾಕುತ್ತಾರೆ, ಮಾಸ್ಕ್ ಹಾಕುತ್ತಾರೆ, ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ. ಆದರೆ ತೊಳೆಯುತ್ತಾ ಏನು ಕಂಡಿತು ಎಂದು ಅವರನ್ನು ಮಾಲೀಕರು ಕೇಳುವುದಿಲ್ಲ, ಅವರಾಗಿ ಹೇಳುವುದೂ ಇಲ್ಲ. ತೊಳೆಯುವವನು ಬೇರೆ, ರೋಗ ನೋಡುವವನು ಬೇರೆ ಆದದ್ದು ನನಗೆ ಸರಿ ಕಾಣುವುದಿಲ್ಲ.

ಯಾಕೆಂದರೆ ಸೋರುವುದು ಕಡಿಮೆಯಾಗಿದೆ, ನಿಂತಿಲ್ಲ. ಸ್ಕ್ಯಾನರ್ ಹಾಕಿದರೆ ಸೆನ್ಸರುಗಳ ದೂರು ಗೊತ್ತಾಗುತ್ತದೆ, ಗ್ಯಾಸ್ಕೆಟ್‌ಗೆ ಸೆನ್ಸರ್ ಇಲ್ಲ. ಮೇಲೆ ಕವರ್ ಇರುವುದರಿಂದ ಟ್ಯಾಪೆಟ್ ಕವರ್ ಜಿನುಗುವುದು ಕಾಣುವುದಿಲ್ಲ. ಕೆಳಗೆ ಅಂಡರ್‌ಶೀಲ್ಡ್ ಇರುವುದರಿಂದ ಹನಿ ನೆಲಕ್ಕೆ ಬೀಳುವುದಿಲ್ಲ, ಅದರ ಮೇಲೇ ಹರಡಿಕೊಳ್ಳುತ್ತದೆ. ಮಾಲೀಕನಿಗೆ ತಿಳಿಯುವ ಹೊತ್ತಿಗೆ ಆಯಿಲ್ ದೀಪ ಹೊತ್ತಿರುತ್ತದೆ. ನಾನು ಕೆಲಸದಲ್ಲಿದ್ದಷ್ಟು ಕಾಲ ಪ್ರತಿ ಸರ್ವಿಸ್‌ನಲ್ಲೂ ಎರಡೂ ಕವರ್ ಬಿಚ್ಚಿ ನೋಡಬೇಕು ಎಂದು ಹುಡುಗರಿಗೆ ಹೇಳುತ್ತಿದ್ದೆ. ಸಮಯ ಹಿಡಿಯುತ್ತದೆ, ಅದಕ್ಕೆ ಬಿಲ್ ಹಾಕಲು ಬರುವುದಿಲ್ಲ, ಮೇಲಿನವರಿಗೆ ಅದು ಇಷ್ಟವಿರಲಿಲ್ಲ. ಕಾರಿನ ಮಾಲೀಕರು ತಾವೇ ಕೇಳಿದರೆ ಮಾತ್ರ ಅದು ನಡೆಯುತ್ತದೆ, ಕೇಳಬೇಕು. ಹಳೇ ಕಾರು ಕೊಳ್ಳುವವರಿಗೆ ಇನ್ನೊಂದು ಮಾತು: ಎಂಜಿನ್ ಹೊಳೆಯುತ್ತಿದ್ದರೆ ಅದು ನಿನ್ನೆ ತೊಳೆದದ್ದು ಎಂದೇ ತಿಳಿಯಿರಿ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು, ಕವರ್ ಬಿಚ್ಚಿಸಿ, ಟಾರ್ಚ್ ಹಾಕಿ ಮತ್ತೆ ನೋಡಿ. ಒಣ ಧೂಳು ಕೂತ ಎಂಜಿನ್ ಎಷ್ಟೋ ವಾಸಿ, ಧೂಳು ಒಣಗಿದೆ ಎಂದರೆ ಕೆಳಗೆ ಎಣ್ಣೆಯಿಲ್ಲ.

ಹೋದ ವರ್ಷ ಮೈಸೂರಿನ ಪರಿಚಿತರೊಬ್ಬರು ತಮ್ಮ ತಂದೆಯ ಪದ್ಮಿನಿಯನ್ನು ಮತ್ತೆ ರಸ್ತೆಗೆ ತರಲು ಹೊರಟಾಗ ಎಂಜಿನ್ ಕೆಲಸಕ್ಕೆ ನನ್ನನ್ನು ಕರೆದರು. ಈಗ ಇಂಥ ಕೆಲಸಕ್ಕೆ ಒಳ್ಳೆಯ ಉಪಕರಣಗಳಿವೆ. ಅಲ್ಯುಮಿನಿಯಂ ಹೆಡ್ಡಿಗೆ ವೇಪರ್ ಬ್ಲಾಸ್ಟಿಂಗ್ ಮಾಡಿಸಿದೆವು: ನೀರಿನ ಜೊತೆ ಗಾಜಿನ ಸಣ್ಣ ಮಣಿಗಳನ್ನು ಚಿಮ್ಮಿಸುವುದು, ಲೋಹ ಸವೆಯದೆ ಎರಕ ಹೊಯ್ದ ದಿನದ ಮೈ ಬರುತ್ತದೆ. ಮರಳು ಹೊಡೆಸಲು ನಾನು ಒಪ್ಪಲಿಲ್ಲ. ಎಣ್ಣೆಯ ದಾರಿಯಲ್ಲಿ ಒಂದು ಕಾಳು ಉಳಿದರೂ ಬೇರಿಂಗ್ ಹೋಗುತ್ತದೆ. ಅವರ ಮಗನಿಗೆ ಬ್ಲಾಕ್ ಹೊಳೆಯುವ ಕಪ್ಪು ಆಗಬೇಕಿತ್ತು, ಟ್ಯಾಪೆಟ್ ಕವರಿಗೆ ಕ್ರೋಮ್. "ಅಂಕಲ್, ಫೋಟೋದಲ್ಲಿ ಚೆನ್ನಾಗಿ ಬರುತ್ತೆ" ಅಂದ. ಯಾಕೆ ಬೇಡ ಎಂದು ಕೂತು ವಿವರಿಸಿದೆ. ಅವನ ತಂದೆ ನನ್ನ ಪಕ್ಷ ವಹಿಸಿದರು. ಬ್ಲಾಕಿಗೆ ತಿಳಿ ಬೂದು, ಮ್ಯಾನಿಫೋಲ್ಡಿಗೆ ಶಾಖನಿರೋಧಕ ಸಿಲ್ವರ್, ಎಂಜಿನ್ ನಂಬರ್ ಇರುವ ಜಾಗ ಬೋಳು. ಎಂಜಿನ್ ಕೂರಿಸಿ, ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಒಂದು ಸಲ ಹತ್ತಿ ಇಳಿದು ಬಂದ ಮೇಲೆ ಬಾನೆಟ್ ಎತ್ತಿದರೆ ಬೂದುಬಣ್ಣದ ಹಿಂಭಾಗದಲ್ಲಿ ಕಡ್ಡಿ ಅಗಲದ ಒದ್ದೆ ಗೆರೆ. ಹುಡುಗನೇ ಮೊದಲು ನೋಡಿದ, ಹೆಡ್ ಗ್ಯಾಸ್ಕೆಟ್ ಹೋಯಿತೇ ಎಂದು ಗಾಬರಿಯಾದ. ಅವನ ಕೈಗೇ ಪೌಡರ್ ಡಬ್ಬಿ ಕೊಟ್ಟೆ. ಹತ್ತು ನಿಮಿಷ ಎಂಜಿನ್ ಓಡಿದ ಮೇಲೆ ಗೆರೆಯ ತಲೆ ಟ್ಯಾಪೆಟ್ ಕವರಿನ ಮೂಲೆಯಲ್ಲಿ ಸಿಕ್ಕಿತು. ಕೂರಿಸಿದವರು ನಟ್ಟನ್ನು ಅತಿಯಾಗಿ ಬಿಗಿದು ಕಾರ್ಕ್ ಹಿಂಡಿಹೋಗಿತ್ತು. ಕವರಿನ ಅಂಚನ್ನು ಮರದ ಹಲಗೆಯ ಮೇಲಿಟ್ಟು ತಟ್ಟಿ ನೇರ ಮಾಡಿ, ಹೊಸ ಕಾರ್ಕ್ ಹಾಕಿ, ಈ ಸಲ ಹುಡುಗನ ಕೈಯಲ್ಲೇ ಬಿಗಿಸಿದೆ, ಪಾನಾವನ್ನು ಎರಡೇ ಬೆರಳಲ್ಲಿ ಹಿಡಿಯಲು ಹೇಳಿ.